ಹೂವಿನ ಸಸಿಗೆ ನೀರು ಅಳತೆ ಮೀರದಿರಲಿ



ಹೊಸೂರು, ತಾಳವಾಡಿ ಸೀಮೆಯ ನಮಗೆ ಚೆಂಡುಹೂವಿನ ಬೇಸಾಯ ಹೊಸದಲ್ಲ. ಆದರೂ ಮನೆಯಂಗಳಕ್ಕೆ, ಜಗಲಿಯ ತೂಗುಕುಂಡಕ್ಕೆ ಬೇಕಾದ ಹೂಸಸಿಗಳನ್ನು ನಾವು ನರ್ಸರಿಯಿಂದ ದುಡ್ಡು ಕೊಟ್ಟು ತರುತ್ತೇವೆ. ಬೀಜದಿಂದ ನಾವೇ ಬೆಳೆಸಿಕೊಂಡರೆ ಖರ್ಚು ಉಳಿಯುತ್ತದೆ, ಮಿಕ್ಕ ಸಸಿಗಳನ್ನು ಮಾರಲೂಬಹುದು. ಹಲವರು ಪ್ರಯತ್ನಿಸಿ, ಸಸಿ ಸತ್ತಿತೆಂದು ಕೈಬಿಡುತ್ತಾರೆ. ಹೆಚ್ಚಿನ ಸಲ ತಪ್ಪು ಬೀಜದ್ದಲ್ಲ, ನೀರಿನದು.

ಬಿತ್ತನೆ: ತೊಳೆದ ತೆಂಗಿನ ನಾರಿನ ಪುಡಿಗೆ ಅಷ್ಟೇ ಪ್ರಮಾಣದ, ಜರಡಿ ಹಿಡಿದ ಹಳೆಯ ಕಾಂಪೋಸ್ಟ್ ಬೆರೆಸಿ, ತಳದಲ್ಲಿ ತೂತುಗಳಿರುವ ತಟ್ಟೆಗೆ ತುಂಬಿರಿ. ಚೆಂಡುಹೂವಿನ ಬೀಜದ ಮೇಲೆ ಕಾಲು ಅಂಗುಲ ಮಣ್ಣು ಸಾಕು. ತೂಗುಕುಂಡಕ್ಕೆ ಒಪ್ಪುವ ಪೆಟೂನಿಯದ ಬೀಜ ಧೂಳಿನಷ್ಟು ಸಣ್ಣದು. ಒಂದು ಗ್ರಾಂ ತೂಕಕ್ಕೆ ಸುಮಾರು 10,000 ಬೀಜಗಳು. ಅದು ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚಬಾರದು. ನಯವಾದ ಮರಳಿನೊಡನೆ ಬೆರೆಸಿ ತೆಳುವಾಗಿ ಉದುರಿಸಿರಿ. ಮೇಲಿನಿಂದ ನೀರು ಸುರಿದರೆ ಬೀಜ ಕೊಚ್ಚಿಹೋಗುತ್ತದೆ. ತಟ್ಟೆಯನ್ನು ನೀರಿರುವ ಅಗಲ ಪಾತ್ರೆಯಲ್ಲಿಟ್ಟು, ಮೇಲಿನ ಮಣ್ಣು ತೇವವಾದೊಡನೆ ತೆಗೆಯಿರಿ. ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಕ್ರಿಸ್ಮಸ್ ವೇಳೆಗೆ ಹೂ ಕಾಣಬಹುದು.

ಸಸಿ ಮಲಗಿದರೆ: ಎಳೆಸಸಿಯ ಬುಡ ಮೆತ್ತಗಾಗಿ, ದಾರದಂತೆ ಸಣ್ಣಗಾಗಿ ಮಲಗಿದರೆ ಅದು ಬುಡ ಕೊಳೆಯುವ ರೋಗ. ಬಾಡಿತೆಂದು ಮತ್ತೆ ನೀರು ಹಾಕಿದರೆ ಎರಡು ಮೂರು ದಿನಗಳಲ್ಲಿ ಇಡೀ ತಟ್ಟೆಯೇ ಹೋದೀತು. ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣು ಸಹಿತ ತೆಗೆದುಬಿಡಿ. ಉಳಿದವುಗಳ ಬುಡಕ್ಕೆ 1 ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಹಾಕಿರಿ. ಅನಂತರ ಬೆಳಿಗ್ಗೆ ಮಾತ್ರ, ಅದೂ ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ತೋರಿದಾಗ ನೀರು ಕೊಡಿ. ಔಷಧಿ ಮಕ್ಕಳ ಕೈಗೆ ಸಿಗದಿರಲಿ.

ತೂಗುಕುಂಡ: ನಾಲ್ಕೈದು ಎಲೆ ಬಂದ ಸಸಿಗಳನ್ನು ಸಂಜೆ ಹೊತ್ತು ನಾಟಿ ಮಾಡಿ. ಬೇರೂರಿದ ಮೇಲೆ ಕುಡಿ ಚಿವುಟಿದರೆ ಪೆಟೂನಿಯ ಕವಲೊಡೆದು ಕುಂಡದ ತುಂಬ ಇಳಿಬೀಳುತ್ತದೆ. ತೂಗುಕುಂಡ ಗಾಳಿಗೆ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ದಿನವೂ ನೀರು ಬೇಕು.

ಆರೋಗ್ಯದ ಮಾತು: ಕುಂಡದಿಂದ ಸೋರಿದ ನೀರು ಕೆಳಗಿನ ತಟ್ಟೆಯಲ್ಲಿ ನಿಲ್ಲುತ್ತದೆ. ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು; ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನಗಳೇ ಬೇಕಾದದ್ದು. ನೀರು ಚೆಲ್ಲಿದರಷ್ಟೇ ಸಾಲದು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಸೋಕಿದೊಡನೆ ಮರಿಯಾಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸೋಣ. ಜಗಲಿಗೆ ತಂದ ಹೂವಿನ ಜೊತೆಗೆ ಜ್ವರವೂ ಮನೆಯೊಳಗೆ ಬರುವುದು ಬೇಡ.