ಬೆಳೆದ ಆಮೆಯೊಂದು ಮನೆಗೆ ಬರುವ ಮುನ್ನ

ನಾಯಿಯನ್ನೋ ಬೆಕ್ಕನ್ನೋ ಸಾಕುವುದು ನಮ್ಮಲ್ಲಿ ಹೊಸತಲ್ಲ. ಆಮೆಯನ್ನು ಸಾಕುವವರು ಅಷ್ಟು ಮಂದಿ ಇಲ್ಲವಾದರೂ ಇಲ್ಲದಿಲ್ಲ. ಅದು ಬೊಗಳುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ, ನೆರೆಯವರ ನಿದ್ದೆ ಕೆಡಿಸುವುದಿಲ್ಲ. ಒಂದು ಹಿಡಿ ಸೊಪ್ಪು ಹಾಕಿದರೆ ತನ್ನ ಪಾಡಿಗೆ ತಾನು ಅಂಗಳದ ಮೂಲೆಯಲ್ಲಿರುತ್ತದೆ. ಹೀಗೆಂದು ತಿಳಿದವರೇ ಹೆಚ್ಚು. ಆದ್ದರಿಂದಲೇ ವರ್ಗವಾಗಿ ಬೇರೆ ಊರಿಗೆ ಹೊರಟ ಪರಿಚಿತರು, "ನಮ್ಮ ಆಮೆಯನ್ನು ನೀವು ಇಟ್ಟುಕೊಳ್ಳುತ್ತೀರಾ?" ಎಂದು ಕೇಳಿದಾಗ ಬೇಡವೆನ್ನಲು ನಾಲಗೆ ಬಾರದು. ಮಕ್ಕಳಂತೂ ಅಷ್ಟರಲ್ಲಿ ಅದಕ್ಕೊಂದು ಹೆಸರನ್ನೇ ಇಟ್ಟಿರುತ್ತಾರೆ.

ಹೂಂ ಎನ್ನುವ ಮುನ್ನ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಅದು ಯಾವ ಜಾತಿಯ ಆಮೆ? ಅದರ ಕಾಗದಪತ್ರಗಳು ಎಲ್ಲಿ? ನಮ್ಮಲ್ಲಿ ಅದಕ್ಕೆ ತಕ್ಕ ನೆಲವೂ ಬಿಸಿಲೂ ಇವೆಯೆ? ನಮ್ಮ ತರುವಾಯ ಅದು ಯಾರ ಪಾಲಿಗೆ? ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಏಕೆಂದರೆ ನಮ್ಮ ನಾಡಿನ ಬಹುಪಾಲು ಮನೆಗಳ ಮಟ್ಟಿಗೆ ಮೊದಲನೆಯ ಪ್ರಶ್ನೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ನಮ್ಮ ಪಟ್ಟಣಗಳ ಮನೆಗಳಲ್ಲಿ ಕಾಣಸಿಗುವ ನೆಲದಾಮೆ ಸಾಮಾನ್ಯವಾಗಿ ನಕ್ಷತ್ರ ಆಮೆ. ಉಬ್ಬಿದ ಕಪ್ಪು ಚಿಪ್ಪು. ಅದರ ಒಂದೊಂದು ಫಲಕದ ನಡುವಿನಿಂದಲೂ ಹಳದಿ ಗೆರೆಗಳು ಕಿರಣಗಳಂತೆ ಹೊರಟು ನಕ್ಷತ್ರದ ಆಕಾರ ತಾಳುತ್ತವೆ. ಕೈಯಲ್ಲಿಟ್ಟು ನೋಡಿದಾಗ ಒಡವೆಯಂತೆ ತೋರುವ ಈ ಚಿತ್ತಾರ, ಒಣಹುಲ್ಲಿನ ನಡುವಣ ನೆಳಲುಬಿಸಿಲಿನಲ್ಲಿ ಆಮೆಯನ್ನು ಕಣ್ಮರೆ ಮಾಡುತ್ತದೆ. ರಾಜಸ್ಥಾನ, ಗುಜರಾತುಗಳ ಒಣಪ್ರದೇಶ, ಆಂಧ್ರ, ತಮಿಳುನಾಡು, ನಮ್ಮ ಕರ್ನಾಟಕದ ಕುರುಚಲು ಕಾಡು, ಆಚೆಗೆ ಶ್ರೀಲಂಕಾ ಮತ್ತು ಪಾಕಿಸ್ತಾನ, ಇವು ಇದರ ತವರು. ಮಳೆ ಬಿದ್ದು ಹುಲ್ಲು ಚಿಗುರಿದಾಗ ಇದಕ್ಕೆ ಹಬ್ಬ. ಬೇಸಗೆಯ ಉರಿಯಲ್ಲಿ ಪೊದೆಯಡಿಯ ವಿಶ್ರಾಂತಿ.

ಈ ಚೆಲುವೇ ಅದಕ್ಕೆ ಮುಳುವಾಗಿದೆ. ಮನೆಯಲ್ಲಿ ಆಮೆಯಿದ್ದರೆ ಲಕ್ಷ್ಮಿ ನೆಲೆಸುವಳೆಂಬ ನಂಬಿಕೆಯೂ ಅದರೊಡನೆ ಸೇರಿ, ಸಾವಿರಾರು ಆಮೆಗಳು ಕಾಡಿನಿಂದ ಚೀಲಗಳೊಳಗೆ ಸೇರಿ ಊರಿಗೂ ಹೊರದೇಶಕ್ಕೂ ಕಳ್ಳದಾರಿಯಲ್ಲಿ ಸಾಗುತ್ತಿವೆ. ಇದನ್ನು ತಡೆಯಲೆಂದೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಕ್ಷತ್ರ ಆಮೆಗೆ ರಕ್ಷಣೆ ಕೊಟ್ಟಿದೆ. 2022ರಲ್ಲಿ ಆದ ತಿದ್ದುಪಡಿಯಿಂದ ಅದು ಹುಲಿ, ಆನೆಗಳಿರುವ ಮೊದಲನೆಯ ಅನುಸೂಚಿಗೇ ಏರಿತು. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೂ ಅದರ ವ್ಯಾಪಾರವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಮೊದಲನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪಿದವರಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದೆ ಏಳು ವರ್ಷದವರೆಗೆ ಸೆರೆವಾಸ. ದಂಡ ಇಪ್ಪತ್ತೈದು ಸಾವಿರ ರೂಪಾಯಿಗೆ ಕಡಮೆಯಿರದು.

"ನಾವು ಕೊಂಡದ್ದಲ್ಲ, ಕಾಡಿನಿಂದ ಹಿಡಿದದ್ದೂ ಅಲ್ಲ; ದಿಕ್ಕಿಲ್ಲದ ಪ್ರಾಣಿಯನ್ನು ಕಾಪಾಡುತ್ತಿದ್ದೇವೆ" ಎಂದು ನೀವು ಹೇಳಬಹುದು. ಮನಸ್ಸು ಒಳ್ಳೆಯದೇ. ಆದರೆ ಆಮೆಯನ್ನು ನಿಮ್ಮ ವಶದಲ್ಲಿಟ್ಟುಕೊಳ್ಳುವುದೇ ತಪ್ಪೆನ್ನುವ ಕಾಯಿದೆ ಮನಸ್ಸನ್ನು ಅಳೆಯುವುದಿಲ್ಲ. ಇನ್ನೊಂದು ಮಾತು: ಇಂಥ ಆಮೆ ಸುಲಭವಾಗಿ ಕೈ ಬದಲಾಯಿಸಬಲ್ಲದೆಂದು ತಿಳಿದರೆ, ಇಂದು ಕೊಟ್ಟವರು ನಾಳೆ ಮತ್ತೊಂದನ್ನು ತರಲು ಹಿಂಜರಿಯುವುದಿಲ್ಲ.

ಹಾಗಾದರೆ ಅದನ್ನು ಕಾಡಿಗೆ ಬಿಟ್ಟುಬಿಡೋಣವೆ? ಅದೂ ಸಲ್ಲದು. ವರ್ಷಗಟ್ಟಲೆ ಮನೆಯಲ್ಲಿ ಬೆಳೆದ ಆಮೆ ಮೇವು ಹುಡುಕುವುದನ್ನು ಮರೆತಿರಬಹುದು. ಮನೆಯಲ್ಲಿ ತಗುಲಿದ ರೋಗವನ್ನು ಕಾಡಿನ ಆಮೆಗಳಿಗೆ ಹಂಚಬಹುದು. ಗುಜರಾತಿನ ಕಡೆಯ ಆಮೆಗೂ ನಮ್ಮ ಕಡೆಯದಕ್ಕೂ ವಂಶದಲ್ಲಿ ವ್ಯತ್ಯಾಸವುಂಟು. ಎಲ್ಲಿಂದ ಬಂದದ್ದೆಂದು ತಿಳಿಯದೆ ಕಂಡಲ್ಲಿ ಬಿಟ್ಟರೆ ಆ ವಂಶಗಳು ಕಲಸಿಹೋಗುತ್ತವೆ. ತಕ್ಕ ದಾರಿ ಒಂದೇ: ಆಮೆ ಯಾರ ಮನೆಯಲ್ಲಿದೆಯೋ ಅವರೇ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ, ಅಲ್ಲಿಯವರ ಸೂಚನೆಯಂತೆ ಅದನ್ನು ಒಪ್ಪಿಸುವುದು. ನೀವು ಜೊತೆಗೆ ಹೋಗಿ ಧೈರ್ಯ ಹೇಳಿದರೆ ನೆರೆಯವರಿಗೂ ಉಪಕಾರ, ಆಮೆಗೂ ಉಪಕಾರ. ಹೀಗೆ ಒಪ್ಪಿಸಿದ ಆಮೆಗಳಿಗೆ ಮರಳುವ ದಾರಿ ಇದೆಯೆಂಬುದಕ್ಕೆ ನಿದರ್ಶನವೂ ಉಂಟು. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿದವು. ಕಳ್ಳಸಾಗಣೆಗೆ ಸಿಕ್ಕಿ ಹೊರದೇಶ ಸೇರಿದ್ದ ಅವನ್ನು ಕರ್ನಾಟಕದಲ್ಲಿ ಪ್ರತ್ಯೇಕವಾಗಿರಿಸಿ, ಕಾಡಿನ ಬಾಳಿಗೆ ಅಣಿಗೊಳಿಸುವ ಏರ್ಪಾಡಾಯಿತು.

ಇನ್ನು ಎರಡನೆಯ ಪ್ರಶ್ನೆ. ಕೊಡಲು ಬಂದದ್ದು ನಮ್ಮ ದೇಶದ್ದಲ್ಲದ ಆಮೆಯಾಗಿದ್ದರೆ? ಈಚೆಗೆ ನಮ್ಮಲ್ಲಿ ಕಾಣುತ್ತಿರುವುದು ಆಫ್ರಿಕದ ಸಲ್ಕೇಟ ಆಮೆ. ಸಹಾರಾ ಮರುಭೂಮಿಯ ದಕ್ಷಿಣದಂಚಿನ ಒಣಭೂಮಿ ಅದರ ಊರು. ಅದೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ ತಿಳಿಸಬೇಕು. ಕೊಡುವವರ ಬಳಿ ನೋಂದಣಿ ಪತ್ರವಿದೆಯೇ ಎಂದು ಕೇಳಲು ಸಂಕೋಚ ಬೇಡ. ಮನೆ ಕೊಳ್ಳುವಾಗ ಪತ್ರ ನೋಡದೆ ಕೊಳ್ಳುವವರುಂಟೆ? ಪತ್ರವಿಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಲಿ.

ಪತ್ರಗಳು ಸರಿಯಾಗಿದ್ದರೆ ಮೂರನೆಯ ಪ್ರಶ್ನೆ: ನೆಲ ಮತ್ತು ಬಿಸಿಲು. ಮರಿಯಾಗಿ ಅಂಗೈಯಲ್ಲಿ ಅಡಗುವ ಸಲ್ಕೇಟ, ಬೆಳೆದು ನಾಲ್ವತ್ತು ಐವತ್ತು ಕಿಲೋ ತೂಗಬಲ್ಲದು. ಒಣನೆಲದಲ್ಲಿ ಬಿಲ ತೋಡುವುದು ಅದರ ಸ್ವಭಾವ. ಹೂವಿನ ಪಾತಿಯೂ ಬೇಲಿಯ ಬುಡವೂ ಅದಕ್ಕೆ ಒಂದೇ. ಮರಿಯನ್ನು ಕೊಂಡವರು ಕೆಲವು ವರ್ಷಗಳಲ್ಲಿ ಕೈಚೆಲ್ಲುವುದು ಇದರಿಂದಲೇ. ಬೆಳೆದ ಆಮೆಗಳು ಬೇರೆ ಮನೆ ಹುಡುಕುವುದೂ ಇದರಿಂದಲೇ. ಮೂರನೆಯ ಅಂತಸ್ತಿನ ಮನೆಯ ಮೊಗಸಾಲೆ ಇದಕ್ಕೆ ಸಾಲದು.

ಆಮೆಯ ರಕ್ತಕ್ಕೆ ಸ್ವಂತ ಶಾಖವಿಲ್ಲ. ಬಿಸಿಲಿಗೆ ಬಂದು ಮೈ ಕಾಯಿಸಿಕೊಂಡ ಮೇಲೆಯೇ ಅದರ ಹೊಟ್ಟೆಯೂ ಕಾಲೂ ಕೆಲಸ ಮಾಡುವುದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬಿದ್ದರೆ ಅದರ ಚರ್ಮದಲ್ಲಿ ಡಿ ಜೀವಸತ್ವ ಹುಟ್ಟುತ್ತದೆ. ಆ ಜೀವಸತ್ವವಿದ್ದರೆ ತಿಂದ ಸುಣ್ಣದಂಶ ಮೂಳೆಗೂ ಚಿಪ್ಪಿಗೂ ಸೇರುತ್ತದೆ. ಕಿಟಕಿಯ ಗಾಜು ಬೆಳಕನ್ನು ಬಿಟ್ಟರೂ ಬೇಕಾದ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಮನೆಯೊಳಗೇ ಇಟ್ಟ ಆಮೆಯ ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಮರುಭೂಮಿಯ ಆಮೆಗೆ ಬೆಚ್ಚನೆಯ ಒಣ ಗೂಡೂ ಬೇಕು.

ಆಹಾರದಲ್ಲಿ ನಾವು ಮಾಡುವ ಪ್ರೀತಿಯೇ ಅದಕ್ಕೆ ಅಪಾಯ. ಅನ್ನ, ಹಾಲು, ಬ್ರೆಡ್ಡು, ಬೇಳೆ ಇವು ಆಮೆಯ ಆಹಾರವಲ್ಲ. ಹಣ್ಣೂ ಅಪರೂಪಕ್ಕೆ ಸಾಕು. ಹುಲ್ಲೇ ಮುಖ್ಯ, ಅದರೊಡನೆ ದಾಸವಾಳದ ಎಲೆ ಹೂ, ಮುಳ್ಳು ತೆಗೆದ ಪಾಪಸುಕಳ್ಳಿ ಇರಬಹುದು. ಕುಡಿಯಲು ಆಳವಿಲ್ಲದ ತಟ್ಟೆಯಲ್ಲಿ ನೀರು.

ನೋಡಲು ಹೋದಾಗ ಹೀಗೆ ಪರೀಕ್ಷಿಸಿ. ಕಣ್ಣು ತೆರೆದು ಹೊಳೆಯುತ್ತಿರಬೇಕು, ಮೂಗು ಒಣಗಿರಬೇಕು, ಉಸಿರಿನಲ್ಲಿ ಸದ್ದಿರಬಾರದು. ನಡೆಯುವಾಗ ಮೈಯನ್ನು ನೆಲದಿಂದ ಎತ್ತಿ ನಡೆಯಬೇಕು. ಎಳೆದುಕೊಂಡು ಹೋದರೆ ನಿಶ್ಶಕ್ತಿ. ಚಿಪ್ಪಿನ ಫಲಕಗಳು ಗೋಪುರಗಳಂತೆ ಮೊನಚಾಗಿ ಎದ್ದಿದ್ದರೆ ಎಳೆತನದ ಪೋಷಣೆ ಸರಿಯಿರಲಿಲ್ಲವೆಂದು ತಿಳಿಯಿರಿ. ಅದನ್ನು ಈಗ ತಿದ್ದಲಾಗದು. ಚಿಪ್ಪು ಕಲ್ಲಿನ ಹೊದಿಕೆಯಲ್ಲ; ಬೆನ್ನೆಲುಬೂ ಪಕ್ಕೆಲುಬುಗಳೂ ಅದರೊಡನೆ ಬೆಸೆದಿವೆ, ಅದಕ್ಕೆ ರಕ್ತವೂ ನೋವೂ ಉಂಟು. ತೂತು ಕೊರೆದು ಹಗ್ಗ ಕಟ್ಟುವುದು ಕ್ರೌರ್ಯ. ಮನೆಗೆ ತಂದಮೇಲೆ ಕೆಲವು ದಿನ ಮೇವು ಮುಟ್ಟದಿರಬಹುದು. ಮನೆಯಲ್ಲಿ ಮೊದಲೇ ಆಮೆಯಿದ್ದರೆ ಹೊಸದನ್ನು ಕೆಲವು ತಿಂಗಳು ಬೇರೆಯಾಗಿಡಿ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣುಗಳಿರಬಹುದಾದ್ದರಿಂದ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಲೇಬೇಕು. ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದ್ದು, ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದುದರಿಂದಲೇ.

ಕೊನೆಯ ಪ್ರಶ್ನೆ ಆಯುಷ್ಯದ್ದು. ಕಲ್ಕತ್ತೆಯ ಆಲಿಪುರದ ಮೃಗಾಲಯಕ್ಕೆ 1875ರ ಸುಮಾರಿಗೆ ಬಂದ ಅದ್ವೈತನೆಂಬ ದೈತ್ಯ ಆಮೆ ಸತ್ತದ್ದು 2006ರಲ್ಲಿ. ಸಣ್ಣ ಜಾತಿಗಳು ಅಷ್ಟು ಬಾಳದಿದ್ದರೂ ಹಲವು ದಶಕ ಬಾಳುವುದು ಸಾಮಾನ್ಯ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಹೆಸರಾಂತ ಪ್ರಕೃತಿವೀಕ್ಷಕ. ಅವನ ಸೋದರತ್ತೆ ಸಸೆಕ್ಸಿನ ರಿಂಗ್ಮರ್ ಎಂಬಲ್ಲಿ ದಶಕಗಳ ಕಾಲ ಸಾಕಿದ್ದ ಆಮೆಯ ಹೆಸರು ತಿಮೊಥಿ. 1780ರಲ್ಲಿ ಆಕೆ ತೀರಿಕೊಂಡಾಗ ವೈಟ್, ಚಳಿಗಾಲದ ನಿದ್ದೆಯಲ್ಲಿ ಮಣ್ಣೊಳಗಿದ್ದ ಅದನ್ನು ಅಗೆದು ತೆಗೆದು, ಎಂಬತ್ತು ಮೈಲಿ ಗಾಡಿಯಲ್ಲಿ ಕೂರಿಸಿ ತನ್ನ ತೋಟಕ್ಕೆ ತಂದ. ಗಾಡಿಯ ಕುಲುಕಾಟಕ್ಕೆ ಎಚ್ಚರಗೊಂಡ ತಿಮೊಥಿ ತೋಟದ ತುದಿಯವರೆಗೆ ಎರಡು ಸಾರಿ ನಡೆದು, ಸಂಜೆಯ ಚಳಿಗೆ ಮತ್ತೆ ಮಣ್ಣೊಳಗೆ ಹುದುಗಿತು. ಹದಿಮೂರು ವರ್ಷ ವೈಟ್ ಅದನ್ನು ಕಣ್ಣಿಟ್ಟು ನೋಡಿದ. 1793ರಲ್ಲಿ ಅವನೂ ತೀರಿಕೊಂಡ. ತಿಮೊಥಿ ಮುಂದಿನ ವರ್ಷದವರೆಗೆ ಬಾಳಿತು. ಇಷ್ಟು ನೋಡಿದವನಿಗೂ ಅದು ಹೆಣ್ಣೆಂದು ತಿಳಿದಿರಲಿಲ್ಲ. ಆ ಸಂಗತಿ ಹೊರಬಿದ್ದದ್ದು ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿದ ಚಿಪ್ಪನ್ನು ಪರೀಕ್ಷಿಸಿದ ಮೇಲೆ.

ಸಾಕಿದ ಇಬ್ಬರೂ ಹೋದರು, ಆಮೆ ಉಳಿಯಿತು. ಆದ್ದರಿಂದ ನಿಮ್ಮ ವಯಸ್ಸು ಐವತ್ತಾಗಿದ್ದರೆ, ಮಕ್ಕಳು ಬೇರೆ ಊರಿನಲ್ಲಿದ್ದರೆ, ಅವರನ್ನು ಕೇಳದೆ ಒಪ್ಪಿಕೊಳ್ಳಬೇಡಿ. ನಾಲ್ಕು ಪ್ರಶ್ನೆಗಳಿಗೂ ಉತ್ತರ ಸರಿಯಾಗಿ ಬಂದರೆ ಸಂತೋಷದಿಂದ ತನ್ನಿ; ಒಂದಕ್ಕೆ ಬಾರದಿದ್ದರೂ ಬೇಡವೆನ್ನುವುದೇ ಆಮೆಗೆ ನೀವು ತೋರುವ ದಯೆ. ನಿಮ್ಮ ಮನೆಯ ಮಕ್ಕಳಿಗೆ ಆಮೆಯನ್ನು ತೋರಿಸಲೇಬೇಕೆನಿಸಿದರೆ, ಮೃಗಾಲಯಕ್ಕೆ ಒಂದು ಭಾನುವಾರ ಕರೆದುಕೊಂಡು ಹೋಗಿ. ಅಲ್ಲಿ ಅದು ನಿಮಗಾಗಿ ಅವಸರಪಡುವುದಿಲ್ಲ, ನೀವೂ ಅವಸರಪಡಬೇಡಿ.