ಕಣ್ಣು ಸರಿಯಿಲ್ಲದಿದ್ದರೆ ಮಗುವೇ ಹೇಳೀತೆ?

ಎಳೆಯ ಮಕ್ಕಳ ದೃಷ್ಟಿಯ ವಿಚಾರದಲ್ಲಿ ಅತ್ಯಂತ ಹಾನಿಕರವಾದ ನಂಬಿಕೆಯೆಂದರೆ, ಕಣ್ಣು ಸರಿಯಾಗಿ ಕಾಣದಿದ್ದರೆ ಮಗುವೇ ಬಾಯಿಬಿಟ್ಟು ಹೇಳುತ್ತದೆ ಎಂಬುದು. ಹುಟ್ಟಿದಂದಿನಿಂದ ಮಸುಕಾಗಿಯೇ ಕಂಡ ಮಗುವಿಗೆ ಸ್ಪಷ್ಟ ನೋಟವೆಂದರೇನೆಂದು ಗೊತ್ತಿರುವುದಿಲ್ಲ. ಒಂದೇ ಕಣ್ಣು ಮಂದವಾಗಿದ್ದರಂತೂ ಅದು ಇನ್ನೊಂದರ ಬಲದಿಂದ ಓಡುತ್ತದೆ, ಆಡುತ್ತದೆ, ಓದುತ್ತದೆ, ಹೀಗಾಗಿ ಹೆತ್ತವರಿಗಾಗಲಿ ಶಿಕ್ಷಕರಿಗಾಗಲಿ ಸಂಶಯವೇ ಹುಟ್ಟುವುದಿಲ್ಲ. ಎರಡು ಕಣ್ಣುಗಳಿಂದ ಬರುವ ಚಿತ್ರಗಳಲ್ಲಿ ಮಸುಕಾದುದನ್ನು ಮಿದುಳು ಕ್ರಮೇಣ ಕಡೆಗಣಿಸುವುದರಿಂದ ಉಂಟಾಗುವ ದೃಷ್ಟಿಮಾಂದ್ಯವನ್ನು ಅಂಬ್ಲಿಯೋಪಿಯಾ ಎನ್ನುತ್ತಾರೆ. ‘ಸೋಮಾರಿ ಕಣ್ಣು’ ಎಂಬ ರೂಢಿಯ ಹೆಸರು ಅನ್ಯಾಯದ್ದು, ಏಕೆಂದರೆ ನೋಡುವುದನ್ನು ಕಲಿಯುವ ಅವಕಾಶವೇ ಆ ಕಣ್ಣಿಗೆ ಸಿಕ್ಕಿರುವುದಿಲ್ಲ. ಮೆಳ್ಳಗಣ್ಣು ಅದೃಷ್ಟದ ಕುರುಹು, ಬೆಳೆದಂತೆ ತಾನೇ ಸರಿಹೋಗುತ್ತದೆ ಎಂದು ಕಾಯುತ್ತ ಕೂರುವುದೂ ಇದೇ ದೋಷಕ್ಕೆ ದಾರಿ ಮಾಡಿಕೊಡುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಒಂದು ಬಾರಿ ಮಕ್ಕಳ ತಪಾಸಣೆ ನಡೆಯಬೇಕು. ಅಕ್ಷರ ಬಾರದ ಮಗುವಿನ ಕಣ್ಣನ್ನು ಅಳೆಯಲಾಗದು ಎಂಬ ಕಲ್ಪನೆಯೂ ತಪ್ಪು. ವಯನಾಡಿನ ಮಾನಂತವಾಡಿ ತಾಲ್ಲೂಕಿನ ವೆಳ್ಳಮುಂಡದಲ್ಲಿ ಕುರಿಚ್ಯ, ಪಣಿಯ ಮುಂತಾದ ಸಮುದಾಯಗಳ ಮಕ್ಕಳ ಮನೆಮಾತು ಬೇರೆ, ಪಠ್ಯಪುಸ್ತಕದ ಮಲಯಾಳ ಬೇರೆ. ಇಂಥಲ್ಲಿ ನಾಲ್ಕು ದಿಕ್ಕಿಗೆ ತಿರುಗಿರುವ ಇಂಗ್ಲಿಷಿನ ‘E’ ಆಕೃತಿಯ ಫಲಕವನ್ನು 6 ಮೀಟರ್ ದೂರದಲ್ಲಿಟ್ಟು, ಅದರ ಮೂರು ಕಾಲುಗಳು ಯಾವ ಕಡೆಗಿವೆಯೆಂದು ಮೂರು ಬೆರಳು ಚಾಚಿ ತೋರಿಸಲು ಹೇಳಿದರೆ ಯಾವ ಭಾಷೆಯೂ ಅಡ್ಡಬರುವುದಿಲ್ಲ. ಒಂದೊಂದೇ ಕಣ್ಣನ್ನು ಮುಚ್ಚಿಸಿ ನೋಡುವುದು ಈ ಪರೀಕ್ಷೆಯ ಜೀವಾಳ. ಅಂಗೈಯಿಂದ ಕಣ್ಣು ಮುಚ್ಚಿಕೊಂಡ ಮಗು ಬೆರಳ ಸಂದಿಯಿಂದ ಇಣುಕಿದರೆ ಇಡೀ ಪರೀಕ್ಷೆಯೇ ವ್ಯರ್ಥ.

ತಪಾಸಣೆಯಲ್ಲಿ ಪಾಸಾದ ಕಣ್ಣು ನಿರ್ದೋಷಿಯೆಂಬ ಭಾವನೆಯನ್ನೂ ಬಿಡಬೇಕಾಗಿದೆ. ಹತ್ತಿರದ ನೋಟಕ್ಕೆ ಹೆಚ್ಚು ತೊಂದರೆ ಕೊಡುವ ದೂರದೃಷ್ಟಿ ದೋಷವಿರುವ ಮಗು ಕಣ್ಣಿನೊಳಗಿನ ಸ್ನಾಯುವನ್ನು ಬಿಗಿದು ಫಲಕದ ಕೊನೆಯ ಸಾಲನ್ನೂ ಓದಬಲ್ಲುದು. ಆ ಸ್ನಾಯುವನ್ನು ಸಡಿಲಿಸುವ ಹನಿ ಹಾಕಿ ಪರೀಕ್ಷಿಸಿದಾಗ ಮಾತ್ರ ನಿಜವಾದ ಪವರ್ ತಿಳಿಯುತ್ತದೆ. ಶಾಲೆಯ ತಪಾಸಣೆ ಜರಡಿಯಷ್ಟೇ, ರೋಗನಿರ್ಣಯ ಆಸ್ಪತ್ರೆಯ ಕೆಲಸ. ಚೀಟಿ ಬರೆದುಕೊಟ್ಟರೂ ಒಂದು ದಿನದ ಕೂಲಿ ಬಿಟ್ಟು ಮಾನಂತವಾಡಿಗೆ ಹೋಗಲಾಗದ ಮನೆಗಳಿರುತ್ತವೆ; ಆ ಮಗು ಆಸ್ಪತ್ರೆ ತಲುಪಿತೇ ಎಂದು ಬೆನ್ನುಹತ್ತಿ ವಿಚಾರಿಸದ ಕಾರ್ಯಕ್ರಮ ಅರ್ಧಕ್ಕೇ ನಿಂತಂತೆ.

ಕನ್ನಡಕ ಹಾಕಿದರೆ ಪವರ್ ಏರುತ್ತದೆ ಎಂಬ ಹೆದರಿಕೆಯಿಂದ ಕಡಿಮೆ ಪವರಿನ ಗಾಜು ಹಾಕಿಸುವವರಿದ್ದಾರೆ. ಮಲೇಷ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಕಡಿಮೆ ಪವರ್ ಕೊಟ್ಟ ಮಕ್ಕಳ ಸಮೀಪದೃಷ್ಟಿಯೇ ಹೆಚ್ಚು ವೇಗವಾಗಿ ಬೆಳೆದಿತ್ತು. ಕ್ಯಾರೆಟ್, ಸೊಪ್ಪು ‘ಎ’ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣನ್ನು ತಡೆಯುತ್ತವೆ, ಪವರನ್ನು ಇಳಿಸುವುದಿಲ್ಲ.

ಏಳು ವರ್ಷ ದಾಟಿದರೆ ಅಂಬ್ಲಿಯೋಪಿಯಾಕ್ಕೆ ಚಿಕಿತ್ಸೆಯೇ ಇಲ್ಲವೆಂಬುದೂ ಪೂರ್ಣ ಸತ್ಯವಲ್ಲ. ಅಮೆರಿಕದ 2005ರ ಅಧ್ಯಯನವೊಂದರಲ್ಲಿ 7ರಿಂದ 12 ವರ್ಷದೊಳಗಿನವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಕನ್ನಡಕ, ಕಣ್ಣುಪಟ್ಟಿ ಮತ್ತು ಅಟ್ರೋಪಿನ್ ಹನಿಗಳಿಂದ ಸುಧಾರಿಸಿದರು. ಆದರೂ ಎಳವೆಯಲ್ಲೇ ಸಿಗುವ ಫಲ ಹೆಚ್ಚಿನದು. ದೋಷ ಮಧ್ಯಮ ಪ್ರಮಾಣದ್ದಾಗಿದ್ದರೆ, ಎಳೆಯ ಮಗುವಿನ ಬಲವಾದ ಕಣ್ಣಿಗೆ ದಿನಕ್ಕೆ 2 ಗಂಟೆ ಪಟ್ಟಿ ಕಟ್ಟಿ, ಆ ಹೊತ್ತಿನಲ್ಲಿ ಚಿತ್ರ ಬರೆಯಲು, ಮಣಿ ಪೋಣಿಸಲು ಕೂರಿಸಿದರೂ ಎಷ್ಟೋ ಬಾರಿ ಸಾಕಾಗುತ್ತದೆ.