ಬಾಣಬಿರುಸಿಗೊಂದು ‘ವನ್ಸ್‌ಮೋರ್’

ನಮ್ಮ ನಾಟಕ ಕಂಪನಿಗಳ ವೈಭವವನ್ನು ಹಿರಿಯರ ಬಾಯಿಂದ ಕೇಳಿದವರಿಗೆ ‘ವನ್ಸ್‌ಮೋರ್’ ಎಂಬ ಮಾತಿನ ಪ್ರತಾಪವನ್ನು ಬಣ್ಣಿಸಬೇಕಾಗಿಲ್ಲ. ಪ್ರೇಕ್ಷಕರ ನಡುವಿನಿಂದ ಆ ಕೂಗು ಎದ್ದಿತೆಂದರೆ, ರಂಗದ ಮೇಲೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೊಮ್ಮೆ ಹಾಡಲೇಬೇಕು! ಹಣ ಕೊಟ್ಟವನ ಹಟವೆಂದು ಅದನ್ನು ನಕ್ಕು ಬಿಡುವವರುಂಟು. ಆದರೆ ಆ ಕೂಗಿನಲ್ಲಿ ಹಟಕ್ಕಿಂತ ಮಿಗಿಲಾಗಿ ಪ್ರೀತಿಯಿತ್ತು. ಅಂತಹ ‘ವನ್ಸ್‌ಮೋರ್’ ಅಮೆರಿಕದ ಒಂದು ವಿನೋದೋದ್ಯಾನದ ಬಾಣಬಿರುಸಿಗೂ ಸಂದಿತೆಂದರೆ ವಾಚಕರಿಗೆ ಸೋಜಿಗವೆನಿಸೀತು. ಈ ಸಂಗತಿ ನಡೆದುದು 2021ರಿಂದ 2023ರ ನಡುವೆ.

ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೋ ನಗರದ ಬಳಿ ‘ವಾಲ್ಟ್ ಡಿಸ್ನಿ ವರ್ಲ್ಡ್’ ಎಂಬ ವಿಶಾಲವಾದ ವಿಹಾರಸ್ಥಾನವಿದೆ. ಅಲ್ಲಿ ಮೊಟ್ಟಮೊದಲು ತೆರೆದ ಉದ್ಯಾನ ‘ಮ್ಯಾಜಿಕ್ ಕಿಂಗ್‌ಡಮ್’, ಅಂದರೆ ಮಾಯಾರಾಜ್ಯ. 1971ರ ಅಕ್ಟೋಬರ್ 1ರಂದು ಅದರ ಬಾಗಿಲು ತೆರೆಯಿತು. ಅದರ ಕನಸು ಕಂಡ ವಾಲ್ಟ್ ಡಿಸ್ನಿ ಅದನ್ನು ಕಣ್ಣಾರೆ ಕಾಣಲಿಲ್ಲ. ಅವರು 1966ರಲ್ಲಿಯೇ ತೀರಿಕೊಂಡಿದ್ದರು. ತಮ್ಮನ ಕನಸನ್ನು ನೆಲದ ಮೇಲೆ ನಿಲ್ಲಿಸಿದವರು ಅಣ್ಣ ರಾಯ್. ಉದ್ಯಾನ ತೆರೆದು ಮೂರು ತಿಂಗಳು ತುಂಬುವ ಮೊದಲೇ ಅವರೂ ಕಣ್ಮುಚ್ಚಿದರು. ಈ ಸೋದರರ ಕಥೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಯೋಜನವಿದೆ.

ಉದ್ಯಾನದ ನಡುವೆ 189 ಅಡಿ ಎತ್ತರದ ಸಿಂಡರೆಲ್ಲಾಳ ಅರಮನೆಯಿದೆ. ಕತ್ತಲು ಕವಿದೊಡನೆ ಅರಮನೆಯ ಗೋಡೆಗಳೇ ಬೆಳ್ಳಿತೆರೆಯಾಗುತ್ತವೆ. ಪ್ರೊಜೆಕ್ಟರುಗಳ ಬೆಳಕಿನಲ್ಲಿ ಡಿಸ್ನಿ ಚಿತ್ರಗಳ ಪಾತ್ರಗಳು ಗೋಪುರದಿಂದ ಗೋಪುರಕ್ಕೆ ಸುಳಿದಾಡುತ್ತವೆ. ಸಂಗೀತದ ಏರಿಳಿತಕ್ಕೆ ಸರಿಯಾಗಿ ಹಿಂದಿನಿಂದ ಬಾಣಗಳು ಆಗಸಕ್ಕೇರಿ ಹೂವಾಗುತ್ತವೆ. ಈ ನೋಟಕ್ಕೆ ಒಳ್ಳೆಯ ಜಾಗ ಬೇಕೆಂದು ಜನ ಬಹಳ ಹೊತ್ತು ಮುಂಚಿತವಾಗಿಯೇ ಬಂದು ಕಾದು ನಿಲ್ಲುತ್ತಾರೆ. ವರ್ಷಗಟ್ಟಲೆ ಹಣ ಕೂಡಿಟ್ಟು ಬಂದ ಸಂಸಾರಗಳು ಅವರಲ್ಲಿ ಎಷ್ಟೋ. ತಂದೆಯ ಹೆಗಲೇರಿ ಆ ಬೆಳಕನ್ನು ಕಂಡ ಮಗುವಿಗೆ ಅದು ಕೇವಲ ಮದ್ದಿನ ಆಟವಲ್ಲ. ಬಾಳಿನುದ್ದಕ್ಕೂ ಉಳಿಯುವ ಒಂದು ರಾತ್ರಿ.

2017ರ ಮೇ 12ರಂದು ಅಲ್ಲಿ ‘ಹ್ಯಾಪಿಲಿ ಎವರ್ ಆಫ್ಟರ್’ ಎಂಬ ಪ್ರದರ್ಶನ ಆರಂಭವಾಯಿತು. ಸುಮಾರು ಹದಿನೆಂಟು ನಿಮಿಷಗಳ ಆಟ. ಕನಸು ಕಾಣುವುದು, ದಾರಿಗೆ ಹೊರಡುವುದು, ಒಲವು, ಸಂಕಟ, ಕೊನೆಗೆ ಗೆಲುವು - ಹೀಗೆ ಅನೇಕ ಚಿತ್ರಗಳ ತುಣುಕುಗಳನ್ನು ಒಂದೇ ಕಥೆಯ ದಾರದಲ್ಲಿ ಪೋಣಿಸಿದ್ದರು. 2020ರ ಮಾರ್ಚ್‌ನಲ್ಲಿ ಕೊರೋನಾ ಮಹಾಮಾರಿಯಿಂದ ಉದ್ಯಾನ ಮುಚ್ಚಿತು. ಜುಲೈಯಲ್ಲಿ ಬಾಗಿಲು ತೆರೆದರೂ, ಗುಂಪು ಸೇರುವ ಭಯದಿಂದ ಬಾಣಬಿರುಸು ಇರಲಿಲ್ಲ. 2021ರ ಜುಲೈ 1ರಂದು ಆಗಸ ಮತ್ತೆ ಬೆಳಗಿದಾಗ, ಒಂದು ವರ್ಷದ ದುಗುಡವನ್ನು ಹೊತ್ತಿದ್ದ ಜನಕ್ಕೆ ಆ ಹಳೆಯ ಹಾಡು ಸಾಂತ್ವನದಂತೆ ಕೇಳಿಸಿತು.

ಆದರೆ ಮೂರೇ ತಿಂಗಳು! ಉದ್ಯಾನದ ಸುವರ್ಣ ಮಹೋತ್ಸವಕ್ಕೆಂದು 2021ರ ಅಕ್ಟೋಬರ್ 1ರಂದು ‘ಎನ್‌ಚಾಂಟ್‌ಮೆಂಟ್’ ಎಂಬ ಹೊಸ ಪ್ರದರ್ಶನ ಬಂತು. ಹಳೆಯದು ತೆರೆಮರೆಗೆ ಸರಿಯಿತು. ಹೊಸದರಲ್ಲಿ ಸೊಗಸಿಗೆ ಕೊರತೆಯಿರಲಿಲ್ಲ. ಬೆಳಕಿನ ಚಿತ್ರಗಳು ಅರಮನೆಯನ್ನು ದಾಟಿ, ಅದರೆದುರಿನ ‘ಮೇನ್ ಸ್ಟ್ರೀಟ್’ ಬೀದಿಯ ಕಟ್ಟಡಗಳ ಮೇಲೂ ಹರಿದವು. ಅದನ್ನು ಅಭಿಮಾನಿಗಳು ಮನಸಾರೆ ಮೆಚ್ಚಿದರು. ಆದರೂ ಹಲವರ ಮನಸ್ಸು ತುಂಬಲಿಲ್ಲ. ಹಾಡಿನ ಹಿಂದೆ ಹಾಡು ಬರುತ್ತದೆ, ನಡುವೆ ದಾರವಿಲ್ಲ ಎಂದರು. ಇನ್ನೊಂದು ದೂರು ಇದಕ್ಕಿಂತ ತೀಕ್ಷ್ಣವಾದುದು: ಐವತ್ತು ವರ್ಷದ ಹಬ್ಬವೆಂದು ಕರೆದು, ಆ ಐವತ್ತು ವರ್ಷಗಳನ್ನೇ ಮರೆತರೇಕೆ? ಮನೆ ಕಟ್ಟಿದ ಹಿರಿಯರ ಹೆಸರೆತ್ತದೆ ಗೃಹೋತ್ಸವ ಮಾಡಿದಂತಾಯಿತಲ್ಲವೆ?

ಸಂಸ್ಥೆಯವರು ಕಿವಿಗೊಟ್ಟರು. 2022ರ ಆಗಸ್ಟ್‌ನಲ್ಲಿ ವಾಲ್ಟ್ ಮತ್ತು ರಾಯ್ ಸೋದರರ ಚಿತ್ರಗಳನ್ನೂ ಉದ್ಯಾನದ ಅರ್ಧ ಶತಮಾನದ ನೆನಪುಗಳನ್ನೂ ಪ್ರದರ್ಶನಕ್ಕೆ ಸೇರಿಸಿದರು. ಮರುತಿಂಗಳೇ, ತಮ್ಮ ಅಭಿಮಾನಿಗಳ ಸಮ್ಮೇಳನದಲ್ಲಿ, ಹಳೆಯ ಪ್ರದರ್ಶನವೇ ಮರಳುವುದೆಂದು ಸಾರಿದರು. 2023ರ ಏಪ್ರಿಲ್ 3ರ ರಾತ್ರಿ ‘ಹ್ಯಾಪಿಲಿ ಎವರ್ ಆಫ್ಟರ್’ ಮತ್ತೆ ಬೆಳಗಿತು. ವಿಶೇಷವೆಂದರೆ, ಹೊಸದರಿಂದ ಕಲಿತ ಬೀದಿಯ ಬೆಳಕಿನ ವಿದ್ಯೆಯನ್ನು ಹಳೆಯದು ತನ್ನದಾಗಿಸಿಕೊಂಡೇ ಬಂದಿತ್ತು.

ನೆರೆಯ ಉದ್ಯಾನ ‘ಎಪ್ಕಾಟ್’ನಲ್ಲಿಯೂ ಇಂಥದೇ ಕಥೆ. ಅಲ್ಲಿಯ ಸರೋವರದ ಮೇಲೆ ಇಪ್ಪತ್ತು ವರ್ಷ ನಡೆದ ‘ಇಲ್ಯುಮಿನೇಷನ್ಸ್’ 2019ರಲ್ಲಿ ನಿಂತಿತು. 2021ರಲ್ಲಿ ಬಂದ ‘ಹಾರ್ಮೋನಿಯಸ್’ಗಾಗಿ ಐದು ಭಾರೀ ತೇಲುದೋಣಿಗಳನ್ನು ನೀರಿನಲ್ಲಿ ನಿಲ್ಲಿಸಿದರು. ಅವು ಇರುಳಿನಲ್ಲಿ ಕಣ್ಮನ ತಣಿಸಿದರೂ, ಹಗಲಿನಲ್ಲಿ ಸರೋವರದ ನೋಟಕ್ಕೇ ಅಡ್ಡವಾದವು. ಸಂಜೆಯ ಕೆಲವೇ ನಿಮಿಷಗಳ ಸೊಬಗಿಗಾಗಿ ಇಡೀ ಹಗಲಿನ ಚೆಲುವನ್ನು ತೆತ್ತೆವೆಂದು ಜನ ಗೊಣಗಿದರು. ಅದೂ 2023ರ ಏಪ್ರಿಲ್ 2ರಂದು ಕೊನೆಗೊಂಡಿತು.

ಹಾಗಾದರೆ ಪ್ರೇಕ್ಷಕರು ಹೊಸತನದ ವೈರಿಗಳೆ? ಅವಸರದಿಂದ ಹಾಗೆನ್ನಲಾಗದು. 2017ರಲ್ಲಿ ‘ಹ್ಯಾಪಿಲಿ ಎವರ್ ಆಫ್ಟರ್’ ತಾನೇ ಹೊಸತಾಗಿತ್ತು. 2003ರಿಂದ ನಡೆದುಬಂದಿದ್ದ ‘ವಿಷಸ್’ ಎಂಬ ಪ್ರದರ್ಶನವನ್ನು ಅದು ಹೊರಗಟ್ಟಿತ್ತು. ಅಂದು ಅದಕ್ಕಾಗಿ ಕಣ್ಣೀರಿಟ್ಟವರೂ ಇದ್ದರು. ಹೊಸಿಲು ದಾಟಿದಂದು ಪರಕೀಯಳಾಗಿದ್ದ ಸೊಸೆಯೇ ನಾಲ್ಕು ವರ್ಷಗಳಲ್ಲಿ ಮನೆಯ ಬೆಳಕಾದಳು. ಹಾಗೆಯೇ, ‘ಎನ್‌ಚಾಂಟ್‌ಮೆಂಟ್’ ಇದ್ದ ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ಅಲ್ಲಿಗೆ ಬಂದ ಮಗುವಿಗೆ ಅದೇ ಮಾಯಾರಾಜ್ಯದ ನಿಜವಾದ ರಾತ್ರಿ. ಅದರ ಪಾಲಿನ ‘ವನ್ಸ್‌ಮೋರ್’ ಅನ್ನು ಯಾರೂ ಕೇಳಲಿಲ್ಲ. ಅದನ್ನೂ ನಾವು ಮರೆಯಬಾರದು.

ಮದ್ದು ಕ್ಷಣದಲ್ಲಿ ಉರಿದು ಬೂದಿಯಾಗುತ್ತದೆ. ಆ ಬೆಳಕಿನಲ್ಲಿ ಪಕ್ಕದಲ್ಲಿ ನಿಂತವರ ಮುಖ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಅಂದು ಕೈಹಿಡಿದು ನಿಂತಿದ್ದ ಅಜ್ಜಿ ಇಂದು ಇಲ್ಲದಿರಬಹುದು. ಹೆಗಲೇರಿದ್ದ ಮಗು ಬೆಳೆದು ದೂರ ಹೋಗಿರಬಹುದು. ಅದೇ ಹಾಡು ಮತ್ತೆ ಮೊಳಗಿದಾಗ ಅವರೆಲ್ಲ ಅರೆಕ್ಷಣ ಮರಳಿ ಬರುತ್ತಾರೆ. ಜನ ಕೂಗಿ ಕರೆದುದು ಬಾಣಬಿರುಸನ್ನಲ್ಲ, ಅವರನ್ನು. ಪ್ರದರ್ಶನವನ್ನು ಕಟ್ಟುವವರು ಹೊಸದನ್ನು ಕಟ್ಟಲಿ, ಕಟ್ಟಬೇಕು. ಆದರೆ ಹಣ ಕೊಟ್ಟು ಒಳಗೆ ಬಂದವನು ಅಲ್ಲಿ ತನ್ನದೂ ಏನನ್ನೋ ಬಿಟ್ಟು ಹೋಗಿದ್ದಾನೆಂಬುದನ್ನು ಮರೆಯದಿದ್ದರೆ ಸಾಕು.